ಕಲ್ಕತ್ತದಿಂದ ಹೊರಟ ‘ಸಿಡ್ನಿ ಕೋವ್’ ಹಡಗಿನವರು ದ್ವೀಪದಲ್ಲೇ ಯಾಕೆ ಉಳಿಯಲಿಲ್ಲ?

ಸುಮಾ_ಸದರ್ಲೆಂಡ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಿಡ್ನಿಯ ದಕ್ಷಿಣಕ್ಕೆ, ರಾಯಲ್ ನ್ಯಾಷನಲ್ ಪಾರ್ಕಿಗೆ ಹತ್ತಿರ. ಮಗ ಐದನೇ ಕ್ಲಾಸು. ಆಸ್ಟ್ರೇಲಿಯಾದ ಯಾವುದಾದರೂ ಒಂದು ಹಡಗು ದುರಂತದ ಬಗ್ಗೆ ತರಗತಿಯಲ್ಲಿ ಐದು ನಿಮಿಷ ಮಾತಾಡಬೇಕು. ಅರ್ಧ ಕ್ಲಾಸು ‘ಲಾಕ್ ಆರ್ಡ್’ ಹಿಡಿದುಕೊಂಡು ಕೂತಿದೆ. ಗ್ರೇಟ್ ಓಷನ್ ರೋಡಿಗೆ ಹೋಗಿ ಬಂದವರಿಗೆಲ್ಲ ಅದು ಬಾಯಿಪಾಠ: 1878, ಐವತ್ತನಾಲ್ಕು ಜನರಲ್ಲಿ ಉಳಿದವರು ಟಾಮ್ ಪಿಯರ್ಸ್, ಈವಾ ಕಾರ್ಮೈಕಲ್ ಇಬ್ಬರೇ. ನಮ್ಮವನಿಗೆ ಬೇರೆ ಯಾರೂ ಹೇಳದ ಕಥೆಯೇ ಆಗಬೇಕಂತೆ.

ನಾವು ಬೇಸಿಗೆಯಲ್ಲಿ ವಾಟಮೊಲ್ಲಾಕ್ಕೆ ಈಜೋಕೆ ಹೋಗ್ತೀವಿ. 1797ರಲ್ಲಿ ಹಡಗು ಒಡೆದು ನೂರಾರು ಕಿಲೋಮೀಟರ್ ನಡೆದು ಬಂದ ಮೂವರು ಮೀನುಗಾರರ ದೋಣಿಗೆ ಸಿಕ್ಕಿದ್ದು ಅಲ್ಲೇ ಎಂದು ಲೈಬ್ರರಿಯಲ್ಲಿ ಒಬ್ಬರು ಹೇಳಿದರು. ಅದರಲ್ಲೂ ಹಡಗು ಕಲ್ಕತ್ತದ್ದು, ಮೂವರಲ್ಲಿ ಒಬ್ಬ ನಮ್ಮ ದೇಶದ ಖಲಾಸಿ ಅಂದಾಗ ಮಗನ ಕಿವಿ ನೆಟ್ಟಗಾಯಿತು.

ಆದರೆ ಓದ್ತಾ ಹೋದರೆ ತಲೆಬುಡ ತಿಳಿಯುತ್ತಿಲ್ಲ. ಕಲ್ಕತ್ತದಿಂದ ಸಿಡ್ನಿಗೆ ಹೊರಟದ್ದು ಟಾಸ್ಮೇನಿಯಾ ಹತ್ತಿರದ ದ್ವೀಪದಲ್ಲಿ ಯಾಕೆ ಒಡೆಯಿತು? ಅಲ್ಲಿ ಅಕ್ಕಿ, ಸಾಮಾನು ಎಲ್ಲ ಇಳಿಸಿಕೊಂಡಿದ್ದರಂತೆ. ಹಾಗಿದ್ದ ಮೇಲೆ ಯಾರಾದರೂ ಬರುವವರೆಗೆ ತೆಪ್ಪಗೆ ಕಾಯಬಹುದಿತ್ತಲ್ಲ? ಇಷ್ಟೊಂದು ದೂರ ನಡೆಯೋ ಹುಚ್ಚು ಯಾಕೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಶರಾವತಿ_ಅಳಿವೆ ಉತ್ತರ

ತಂಗಿ, ನಾನು ಹೊನ್ನಾವರದವನು. ಹಡಗಿನ ಎಂಜಿನ್ ರೂಮಿನಲ್ಲೇ ತಲೆ ಬೆಳ್ಳಗಾಯಿತು. ನಿಮ್ಮ ಪಕ್ಕದ ಪೋರ್ಟ್ ಕೆಂಬ್ಲಾದಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳಲು ಲಂಗರು ಹಾಕಿ ಕಾಯುವಾಗ ಓದೋಕೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಈ ಕಥೆ ನನಗೆ ಆಗ ಹತ್ತಿಕೊಂಡದ್ದು. ಸ್ವಲ್ಪ ಉದ್ದ ಆಗ್ತದೆ, ಚಾ ಇಟ್ಟುಕೊಂಡು ಓದಿ.

ಮೊದಲು ದಾರಿ. ಇವತ್ತು ಮಗನ ಅಟ್ಲಾಸ್ ತೆಗೆದರೆ ಟಾಸ್ಮೇನಿಯಾಕ್ಕೂ ಮುಖ್ಯಭೂಮಿಗೂ ನಡುವೆ ಬಾಸ್ ಜಲಸಂಧಿ ಕಾಣ್ತದೆ. 1797ರಲ್ಲಿ ಯುರೋಪಿನವರ ನಕ್ಷೆಗಳಲ್ಲಿ ಅದು ಇರಲೇ ಇಲ್ಲ. ಟಾಸ್ಮೇನಿಯಾ ಅಂದರೆ ಅದೇ ಭೂಮಿಯ ತೆಂಕಣ ತುದಿ ಅಂತ ಲೆಕ್ಕ. ಹಾಗಾಗಿ ಕಲ್ಕತ್ತದ ಹಡಗು ಹಿಂದೂ ಮಹಾಸಾಗರದಲ್ಲಿ ಕೆಳಗೆ ಕೆಳಗೆ ಇಳಿದು, ನಲವತ್ತು ಡಿಗ್ರಿ ಅಕ್ಷಾಂಶದ ಆಚೆ ಬೀಸುವ ಪಡುಗಾಳಿ ಹಿಡಿದು, ಟಾಸ್ಮೇನಿಯಾದ ಬುಡ ಸುತ್ತಿಕೊಂಡು, ಆಮೇಲೆ ಬಡಗಣಕ್ಕೆ ತಿರುಗಿ ಸಿಡ್ನಿ ಸೇರಬೇಕು. ಬೇರೆ ದಾರಿ ಗೊತ್ತಿರಲಿಲ್ಲ.

ಹಡಗಿನ ಹಳೆಯ ಹೆಸರು ‘ಬೇಗಂ ಶಾ’. ಕಲ್ಕತ್ತದ ಕ್ಯಾಂಪ್‌ಬೆಲ್ ಅಂಡ್ ಕ್ಲಾರ್ಕ್ ಎಂಬ ವರ್ತಕರು ಅದಕ್ಕೆ ‘ಸಿಡ್ನಿ ಕೋವ್’ ಅಂತ ಹೊಸ ಹೆಸರಿಟ್ಟರು. ಸಿಡ್ನಿಯವರು ಇವರಿಗೆ ಯಾವ ಆರ್ಡರೂ ಕೊಟ್ಟಿರಲಿಲ್ಲ. ಊರು ಹುಟ್ಟಿ ಒಂಬತ್ತೇ ವರ್ಷ, ಎಲ್ಲದಕ್ಕೂ ಬರ, ಒಯ್ದರೆ ಹೇಗೂ ಮಾರಾಟವಾಗ್ತದೆ ಅಂತ ವ್ಯಾಪಾರದ ಜೂಜು. ಅಕ್ಕಿ, ಬಟ್ಟೆ, ಚಹಾ, ಹೊಗೆಸೊಪ್ಪು, ಚೀನಾ ಪಿಂಗಾಣಿ, ಜಾನುವಾರು, ಎಲ್ಲಕ್ಕಿಂತ ಮುಖ್ಯ ಸುಮಾರು ಏಳು ಸಾವಿರ ಗ್ಯಾಲನ್ ರಮ್. 1796ರ ನವೆಂಬರ್ 10ಕ್ಕೆ ಹೊರಟರು. ಕ್ಯಾಪ್ಟನ್ ಹ್ಯಾಮಿಲ್ಟನ್, ಬೆರಳೆಣಿಕೆಯ ಬ್ರಿಟಿಷರು, ಮಿಕ್ಕವರೆಲ್ಲ ಖಲಾಸಿಗಳು. ಇಂಗ್ಲಿಷ್ ದಾಖಲೆಗಳಲ್ಲಿ ‘ಲಸ್ಕರ್’ ಅಂತ ಬರೆದಿರೋದು ಇವರನ್ನೇ.

ಡಿಸೆಂಬರ್ ನಡುವಿಗೆ ಬಿರುಗಾಳಿ ಹೊಡೆದು ಹಡಗು ಸೋರಲು ಶುರುವಾಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡ್ತವೆ. ಮರದ ಹಡಗಿನ ಹಲಗೆ ಸಂದಿಗಳಲ್ಲಿ ನಾರು ಗಿಡಿದು ಮೇಲೆ ಟಾರು ಬಳಿದಿರ್ತಾರೆ. ದೊಡ್ಡ ಅಲೆಯ ಮೇಲೆ ಹಡಗಿನ ಮೈ ತಿರುಚಿಕೊಂಡಾಗಲೆಲ್ಲ ಸಂದಿ ಬಾಯಿ ಬಿಟ್ಟು ನಾರು ಕಿತ್ತು ಬರ್ತದೆ. ನಾರು ಹೋದಷ್ಟೂ ನೀರು ಜಾಸ್ತಿ. ನೀರು ಏರಿದಷ್ಟೂ ಹಡಗು ಭಾರ. ಭಾರವಾದಷ್ಟೂ ಅಲೆಗೆ ಏಳಲಾರದೆ ಇನ್ನಷ್ಟು ತಿರುಚಿಕೊಳ್ತದೆ. ಹೊರಗಿನಿಂದ ರಿಪೇರಿ ಮಾಡಬೇಕು, ನಡುಗಡಲಲ್ಲಿ ಅದು ಆಗದ ಮಾತು. ದಡ ಕಾಣುವವರೆಗೆ ಪಂಪು ಹೊಡೆಯೋದು ಬಿಟ್ಟರೆ ಗತಿಯಿಲ್ಲ. ನಮ್ಮ ಕಾಲದಲ್ಲಿ ಬಿಲ್ಜ್ ನೀರು, ಅಂದರೆ ಹಡಗಿನ ತಳದಲ್ಲಿ ಸೇರುವ ನೀರು, ಏರಿದರೆ ಅಲಾರಾಂ ಕೂಗ್ತಿತ್ತು, ಸ್ವಿಚ್ ಒತ್ತಿದರೆ ಮುಗಿಯಿತು. ಲೈಫ್‌ಬೋಟ್ ಡ್ರಿಲ್ಲಿನಲ್ಲಿ ಮಾತ್ರ ಕೈಪಂಪು ಹಿಡಿಸ್ತಿದ್ದರು; ಹೊಟ್ಟೆತುಂಬ ಉಂಡ ಹರೆಯದ ಹುಡುಗರಿಗೂ ಸ್ವಲ್ಪ ಹೊತ್ತಿಗೇ ತೋಳು ಕಳಚಿಬಿದ್ದ ಹಾಗಾಗ್ತಿತ್ತು. ಇವರು ಅದನ್ನು ಹಗಲು ರಾತ್ರಿ, ವಾರಗಟ್ಟಲೆ ಹೊಡೆದರು. ಬಂಗಾಳದ ಹವೆಗೆ ಹೊಲಿದ ತೆಳು ಬಟ್ಟೆ, ಮೇಲಿಂದ ದಕ್ಷಿಣ ಸಾಗರದ ಚಳಿಗಾಳಿ. ಹಲವು ಖಲಾಸಿಗಳು ದಣಿವು ಚಳಿಯಿಂದಲೇ ಸತ್ತರು. ಜನವರಿಯಲ್ಲಿ ಎರಡನೇ ಆಫೀಸರ್ ಕಡಲಿಗೆ ಬಿದ್ದು ಹೋದ.

ಅಂತೂ ಟಾಸ್ಮೇನಿಯಾದ ಬುಡ ಸುತ್ತಿ ಮೂಡಣ ಕರಾವಳಿಗೆ ಬಂದರು. ಮತ್ತೊಂದು ಬಿರುಗಾಳಿ. ನೀರು ಪಂಪಿನ ಕೈ ಮೀರಿತು. ಫೆಬ್ರವರಿ 9ಕ್ಕೆ ಹ್ಯಾಮಿಲ್ಟನ್ ಹಡಗನ್ನು ಬೇಕೆಂದೇ ಫರ್ನೋ ದ್ವೀಪಗಳ ಪೈಕಿ ಒಂದು ಸಣ್ಣ ದ್ವೀಪದ ಮರಳಿಗೆ ಏರಿಸಿದ. ಅದೇ ಈಗಿನ ಪ್ರಿಸರ್ವೇಶನ್ ಐಲ್ಯಾಂಡ್. ಮುಳುಗಿ ಎಲ್ಲರೂ ಸಾಯುವ ಬದಲು ಹಡಗನ್ನು ಕೊಟ್ಟು ಜನರನ್ನು ಉಳಿಸಿದ. ಈ ಒಂದು ತೀರ್ಮಾನಕ್ಕೆ ನಾನು ಅವನಿಗೆ ಪೂರ್ತಿ ಮಾರ್ಕು ಕೊಡ್ತೇನೆ. ಸಾಮಾನು ಇಳಿಸಿದರು. ರಮ್ಮಿನ ಪೀಪಾಯಿ ಜನರ ಕೈಗೆ ಸಿಕ್ಕರೆ ಕೆಲಸ ಕೆಡ್ತದೆ ಅಂತ ಅದನ್ನು ಮಾತ್ರ ಪಕ್ಕದ ಪುಟ್ಟ ದ್ವೀಪದಲ್ಲಿ ಇಡಿಸಿದ. ನಕ್ಷೆಯಲ್ಲಿ ಇವತ್ತಿಗೂ ಅದಕ್ಕೆ ರಮ್ ಐಲ್ಯಾಂಡ್ ಅಂತಲೇ ಹೆಸರು. ಮಕ್ಕಳು ಇದಕ್ಕೆ ನಗ್ತಾರೆ ನೋಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯಾರಿಗೆ ಅಂತ ಕಾಯೋದು? ಆ ಕಡೆ ಹಡಗು ಹಾಯುವ ದಾರಿಯೇ ಇಲ್ಲ, ಎಲ್ಲರೂ ಇನ್ನೂ ಕೆಳಗಿನಿಂದ ಸುತ್ತಿ ಹೋಗುವವರು. ಇವರು ಹೊರಟದ್ದೇ ಸಿಡ್ನಿಗೆ ತಿಳಿಯದು, ಹಾಗಾಗಿ ಬರಲಿಲ್ಲ ಅಂತ ಹುಡುಕುವವರೂ ಇಲ್ಲ. ಚಳಿಗಾಲ ಮುಂದಿದೆ. ಆಚೆಯಿಂದ ಯಾರೂ ಬರುವುದಿಲ್ಲ ಅಂದಮೇಲೆ ಇಲ್ಲಿಂದ ಯಾರಾದರೂ ಹೋಗಬೇಕಾಯಿತು.

ಇನ್ನೊಂದು, ನಡೆಯೋದು ಯಾರ ಯೋಜನೆಯೂ ಆಗಿರಲಿಲ್ಲ. ಫೆಬ್ರವರಿ ಕೊನೆಗೆ ಹದಿನೇಳು ಜನ ಹಡಗಿನ ದೊಡ್ಡ ದೋಣಿಯಲ್ಲಿ ಹೊರಟರು: ಮೊದಲ ಆಫೀಸರ್ ಥಾಂಪ್ಸನ್, ಸರಕಿನ ಉಸ್ತುವಾರಿಗೆ ಬಂದ ವಿಲಿಯಂ ಕ್ಲಾರ್ಕ್, ಮೂವರು ಬ್ರಿಟಿಷ್ ನಾವಿಕರು, ಹನ್ನೆರಡು ಖಲಾಸಿಗಳು. ದೋಣಿಯಲ್ಲೇ ಸಿಡ್ನಿ ಮುಟ್ಟಿ ಸಹಾಯ ಕರೆತರೋದು ಲೆಕ್ಕ. ಮಾರ್ಚ್ 2ಕ್ಕೆ ಈಗಿನ ವಿಕ್ಟೋರಿಯಾದ ನೈಂಟಿ ಮೈಲ್ ಬೀಚಿನಲ್ಲಿ ಅಲೆಗೆ ಸಿಕ್ಕಿ ಆ ದೋಣಿಯೂ ಚೂರಾಯಿತು. ಹಿಂದೆ ಕಡಲು, ಮುಂದೆ ಸಿಡ್ನಿಗೆ ಸುಮಾರು 700 ಕಿಲೋಮೀಟರ್, ನಡುವೆ ಬಿಳಿಯರ ಒಂದು ಗುಡಿಸಲೂ ಇಲ್ಲ. ಮಾರ್ಚ್ 15ಕ್ಕೆ ದಡ ಹಿಡಿದು ಬಡಗು ಮುಖವಾಗಿ ನಡೆಯಲು ಶುರು ಮಾಡಿದರು.

ದಡದ ಮೇಲೆ ನಡೆಯೋದು ಸಲೀಸು ಅಂತ ಘಟ್ಟದ ಮೇಲಿನವರು ಅಂದುಕೊಳ್ತಾರೆ. ನಮ್ಮ ಕಡೆಯವರನ್ನು ಕೇಳಿ: ಹೊನ್ನಾವರದಿಂದ ಕುಮಟೆಗೆ ಮರಳ ಮೇಲೇ ಹೋಗ್ತೇನೆ ಅಂದರೆ ಅಳಿವೆ ಬಂದಲ್ಲಿ ಕೂತುಕೊಳ್ಳಬೇಕು. ಅಲ್ಲಿಯೂ ಹಾಗೇ, ನದಿ ಮೇಲೆ ನದಿ, ಹಿನ್ನೀರು, ನಡುವೆ ಕಡಿದಾದ ಬಂಡೆ. ಕೆಲವು ಕಡೆ ಮರ ಕಟ್ಟಿ ತೆಪ್ಪ ಮಾಡಿಕೊಂಡರು. ಕೆಲವು ಕಡೆ ಅಲ್ಲಿನ ಜನ ತಮ್ಮ ದೋಣಿಯಲ್ಲಿ ದಾಟಿಸಿದರು.

ಏಪ್ರಿಲ್ ನಡುವಿಗೆ ಒಂಬತ್ತು ಜನರಿಗೆ ಹೆಜ್ಜೆ ಎತ್ತಿಡಲಾಗಲಿಲ್ಲ, ಹಿಂದೆ ಬಿಟ್ಟು ಬಂದರು. ಕೊನೆಗೆ ಥಾಂಪ್ಸನ್ ಮತ್ತು ಹಡಗಿನ ಬಡಗಿ ಕೂಡ ಕುಸಿದರು. ಮೇ 15ಕ್ಕೆ ವಾಟಮೊಲ್ಲಾದಲ್ಲಿ ಮೀನುಗಾರರ ದೋಣಿಗೆ ಸಿಕ್ಕವರು ಕ್ಲಾರ್ಕ್, ಬೆನೆಟ್ ಎಂಬ ನಾವಿಕ, ಮತ್ತೆ ಒಬ್ಬ ಖಲಾಸಿ. ಅವನು ಕ್ಲಾರ್ಕನ ಆಳು. ಕ್ಲಾರ್ಕನ ಬರಹದಲ್ಲಿ ಬೆನೆಟ್‌ಗೆ ಹೆಸರಿದೆ, ಅಷ್ಟೂ ದಾರಿ ಪಕ್ಕದಲ್ಲೇ ನಡೆದ ಇವನಿಗೆ ಇಲ್ಲ.

ಕಥೆ_ಕೇಳುಗ ಉತ್ತರ

ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ನೋಡಿದ ಯೂಟ್ಯೂಬ್ ವಿಡಿಯೋದಲ್ಲಿ ಬೇರೆ ಥರ ಇತ್ತು. ಮೂಲನಿವಾಸಿಗಳು ದಾರಿಯುದ್ದಕ್ಕೂ ಬೆನ್ನಟ್ಟಿ ಬೆನ್ನಟ್ಟಿ ಕೊಂದರು, ಅದಕ್ಕೇ ಹದಿನೇಳು ಮೂರಾಯಿತು ಅಂತ. ನೀವು ನೋಡಿದರೆ ದೋಣಿ ದಾಟಿಸಿದರು ಅಂತೀರಿ?

ಶರಾವತಿ_ಅಳಿವೆ ಉತ್ತರ

ವಿಡಿಯೋ ಮಾಡಿದವರು ಕ್ಲಾರ್ಕನ ಬರಹ ಓದಿದ ಹಾಗೆ ಕಾಣೋದಿಲ್ಲ. ಅವನ ದಿನಚರಿ ಕಲ್ಕತ್ತದ ‘ಏಷಿಯಾಟಿಕ್ ಮಿರರ್’ ಪತ್ರಿಕೆಯಲ್ಲಿ ಅಚ್ಚಾಗಿದೆ. ಅಲ್ಲಿನ ಜನರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಮೈಗೆ ಎಣ್ಣೆ ಹಚ್ಚಿಕೊಳ್ತಾರೆ, ಕೊಳಕು ಅಂತೆಲ್ಲ ಮೂಗು ಮುರಿದಿದ್ದಾನೆ. ಅಂಥವನೇ ಮೀನು ಕೊಟ್ಟರು, ಚಿಪ್ಪುಮೀನು ಕೊಟ್ಟರು, ಹೊಳೆ ದಾಟಿಸಿದರು ಅಂತ ಮತ್ತೆ ಮತ್ತೆ ಬರೆದಿದ್ದಾನೆ ಅಂದರೆ ಅದನ್ನು ನಂಬಲೇಬೇಕು. ಭರ್ಜಿ ಎಸೆದದ್ದೂ ಹೌದು, ಕ್ಲಾರ್ಕನ ಎರಡೂ ಕೈಗಳಿಗೆ ಗಾಯವಾದದ್ದೂ ಹೌದು. ಆದರೆ ಆ ಕರಾವಳಿ ಒಂದೇ ಜನರದ್ದಲ್ಲ. ಗುನೈಕುರ್ನೈ, ಯುಯಿನ್, ಧರಾವಲ್ ಹೀಗೆ ಒಬ್ಬರ ನೆಲ ಮುಗಿದಲ್ಲಿ ಇನ್ನೊಬ್ಬರದು ಶುರು. ಕೇಳದೆ ಹೇಳದೆ ಗುಂಪಾಗಿ ನುಗ್ಗಿ ಬಂದ ಅಪರಿಚಿತರನ್ನು ಒಬ್ಬರು ಉಪಚರಿಸಿದರು, ಇನ್ನೊಬ್ಬರು ಓಡಿಸಲು ನೋಡಿದರು.

ಹಿಂದೆ ಬಿದ್ದವರಲ್ಲಿ ಹೆಚ್ಚಿನವರನ್ನು ಕೆಡವಿದ್ದು ಹಸಿವು ಮತ್ತು ಕಾಲು. ಚಿಪ್ಪುಮೀನು ತಿಂದುಕೊಂಡು ಅಷ್ಟು ದಿನ ನಡೆದು ನೋಡಿ ಆಮೇಲೆ ಹೇಳಿ. ಕೊಟ್ಟ ಮೀನು ಇಲ್ಲದಿದ್ದರೆ ಆ ಮೂವರೂ ಉಳಿಯುತ್ತಿರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸುಮಾ ಅವರ ಮಗ ತರಗತಿಯಲ್ಲಿ ಇದೊಂದನ್ನು ಬಿಡದೆ ಹೇಳಲಿ.

ಪರ್ತ್_ಪಾಟೀಲ ಉತ್ತರ

ಸಾಹೇಬ್ರ, ಭಾಳ ಛಂದ ಬರದೀರಿ. ನಾ ಇರೋದು ಪರ್ತ್‌ನಾಗ. ನಮ್ಮ ಕಡೀದೂ ಒಂದು ಹೇಳ್ತೀನಿ ತಗೋರಿ. 1629ರಾಗ ಡಚ್ಚರ ‘ಬಟಾವಿಯಾ’ ಅಂಬೋ ಹಡಗು ಅಬ್ರೋಲಾಸ್ ದ್ವೀಪದ ಹವಳದ ದಿಬ್ಬಕ್ಕ ಬಡದು ಒಡದೋತು. ಕಮಾಂಡರ್ ಪೆಲ್ಸರ್ಟ್ ನೀರು, ಸಹಾಯ ತರ್ತೀನಂತ ದೋಣಿ ತಗೊಂಡು ಜಾವಾಕ್ಕ ಹ್ವಾದ. ಅಂವ ತಿರುಗಿ ಬರೂದ್ರಾಗ ಕಾರ್ನೆಲಿಸ್ ಅಂಬಾಂವ ಗುಂಪು ಕಟ್ಟಿ ನೂರಕ್ಕೂ ಹೆಚ್ಚು ಮಂದೀನ ಕೊಲ್ಲಿಸಿಬಿಟ್ಟಿದ್ದ. ಹೆಂಗಸ್ರು ಹುಡುಗ್ರನ್ನೂ ಬಿಡಲಿಲ್ರೀ. ವೀಬೆ ಹೇಯ್ಸ್ ಅಂತ ಒಬ್ಬ ಸಿಪಾಯಿ ಇನ್ನೊಂದು ದ್ವೀಪದಾಗ ನೀರು ಹುಡುಕಿ, ಕಲ್ಲಿನ ಗ್ವಾಡಿ ಕಟ್ಟಿ ಎದುರು ನಿಂತ ಅಂತ ಒಂದಿಷ್ಟು ಮಂದಿ ಉಳದ್ರು. ಹಡಗಿನ ಹಿಂಭಾಗ ಎತ್ತಿ ತಂದು ಫ್ರಿಮ್ಯಾಂಟಲ್ ಮ್ಯೂಸಿಯಂನಾಗ ಜೋಡಿಸ್ಯಾರ, ನೋಡಿದ್ರ ಮೈ ಜುಂ ಅಂತೈತಿ. ಹುಡುಗಗ ಬ್ಯಾರೇ ಕಥಿ ಬೇಕಂದ್ರ ಇದನ್ನ ಹೇಳಸ್ರಿ ಅಕ್ಕಾರ.

ಸುಮಾ_ಸದರ್ಲೆಂಡ್ ಉತ್ತರ

ಪಾಟೀಲರೇ, ಹತ್ತು ವರ್ಷದ ಮಕ್ಕಳ ಮುಂದೆ ಇದನ್ನು ಹೇಳಿಸಿದರೆ ಟೀಚರ್ ನನ್ನನ್ನೇ ಕರೆಸ್ತಾರೆ! ಆದರೆ ನಾನೇ ರಾತ್ರಿ ಕೂತು ಪೂರ್ತಿ ಓದಿದೆ, ನಿದ್ದೆ ಹಾಳು.

ಶರಾವತಿ ಸರ್, ತುಂಬ ಥ್ಯಾಂಕ್ಸ್. ಮಗ ‘ಸಿಡ್ನಿ ಕೋವ್’ ಅಂತಲೇ ನಿರ್ಧಾರ ಮಾಡಿದ. ಅವನದೊಂದು ಪ್ರಶ್ನೆ: ದ್ವೀಪದಲ್ಲಿ ಉಳಿದವರ ಕಥೆ ಏನಾಯಿತು? ರಮ್ ಏನಾಯಿತು ಅನ್ನೋದು ಅವರಪ್ಪನ ಪ್ರಶ್ನೆ.

ಗ್ಯಾಪ್_ವಾಕರ್ ಉತ್ತರ

ನಡುವೆ ಬಾಯಿ ಹಾಕ್ತೀನಿ. ಸಿಡ್ನಿಯಲ್ಲೇ ಇರೋರು ‘ಡನ್‌ಬರ್’ ಕಥೆಯನ್ನೂ ಮರೀಬೇಡಿ. 1857ರ ಆಗಸ್ಟ್ 20ರ ರಾತ್ರಿ, ಮಳೆ ಗಾಳಿ, ಇಂಗ್ಲೆಂಡಿನಿಂದ ಬಂದ ಹಡಗು ಬಂದರಿನ ಬಾಗಿಲಲ್ಲೇ ಸೌತ್ ಹೆಡ್ ಬಂಡೆಗೆ ಬಡಿದು 121 ಜನ ಸತ್ತರು. ಜೇಮ್ಸ್ ಜಾನ್ಸನ್ ಅನ್ನೋ ನಾವಿಕ ಒಬ್ಬನೇ ಬಂಡೆಯ ಚಾಚಿನ ಮೇಲೆ ಬಿದ್ದುಕೊಂಡಿದ್ದ. ಮೂರನೇ ದಿನ ಬೆಳಿಗ್ಗೆ ಹಗ್ಗ ಇಳಿಸಿ ಎತ್ತಿದರು. ಅದರ ಮಾರನೇ ವರ್ಷವೇ ಹಾರ್ನ್‌ಬಿ ದೀಪಸ್ತಂಭ ಕಟ್ಟಿದ್ದು. ನನಗೆ ಇಷ್ಟವಾದ ಭಾಗ ಆಮೇಲಿನದು: ಜಾನ್ಸನ್‌ಗೆ ನ್ಯೂಕಾಸಲ್ ದೀಪಸ್ತಂಭದಲ್ಲಿ ಕೆಲಸ ಸಿಕ್ಕಿತು. 1866ರಲ್ಲಿ ಅಲ್ಲಿ ‘ಕವಾರಾ’ ಅನ್ನೋ ಹಡಗು ಮುಳುಗಿ ಅರವತ್ತು ಜನ ಹೋದಾಗ ಬದುಕಿದವನು ಹೆಜಸ್ ಒಬ್ಬನೇ. ಅವನನ್ನು ನೀರಿನಿಂದ ಎತ್ತಿದವರಲ್ಲಿ ಇದೇ ಜಾನ್ಸನ್ ಇದ್ದ. ಸಿನಿಮಾದಲ್ಲಿ ತೋರಿಸಿದ್ರೆ ‘ಏನ್ ಬಿಡ್ತಾನಪ್ಪ’ ಅಂತೀವಿ.

‘ಡನ್‌ಬರ್’ನ ಲಂಗರು ಸೌತ್ ಹೆಡ್‌ನ ‘ಗ್ಯಾಪ್’ ಅನ್ನೋ ಕಡಿದಾದ ಬಂಡೆ ಹತ್ತಿರ ಇಟ್ಟಿದ್ದಾರೆ. ವಾಟ್ಸನ್ಸ್ ಬೇಯಲ್ಲಿ ಫಿಶ್ ಅಂಡ್ ಚಿಪ್ಸ್ ತಿಂದು ಬರೋರಲ್ಲಿ ಎಷ್ಟು ಜನ ಅದರ ಮುಂದೆ ನಿಂತು ಓದ್ತಾರೋ.

ಶರಾವತಿ_ಅಳಿವೆ ಉತ್ತರ

ಜಾನ್ಸನ್ ವಿಷಯ ಒಳ್ಳೆಯದು ಹೇಳಿದಿರಿ.

ತಂಗಿ, ಮಗನ ಪ್ರಶ್ನೆಗೆ: ಕ್ಲಾರ್ಕ್ ಸುದ್ದಿ ಮುಟ್ಟಿಸಿದ ಮೇಲೆ ಗವರ್ನರ್ ಹಂಟರ್ ‘ಫ್ರಾನ್ಸಿಸ್’, ‘ಎಲೈಜಾ’ ಅಂತ ಎರಡು ಸಣ್ಣ ಹಡಗು ಕಳಿಸಿದ. ಜೂನ್‌ನಲ್ಲಿ ಅವು ದ್ವೀಪ ಮುಟ್ಟಿದಾಗ ಹ್ಯಾಮಿಲ್ಟನ್ ಮತ್ತು ಅವನ ಜನ ಜೀವಂತ ಇದ್ದರು. ಸರಕು ಕಾಯಲು ಕೆಲವರನ್ನು ಅಲ್ಲೇ ಬಿಟ್ಟು ಉಳಿದವರು ಹತ್ತಿದರು. ವಾಪಸು ಬರುವಾಗ ಗಾಳಿಗೆ ಸಿಕ್ಕಿ ‘ಎಲೈಜಾ’ ಕಾಣೆಯಾಯಿತು. ಅದರಲ್ಲಿ ಎಂಟು ಖಲಾಸಿಗಳಿದ್ದರು. ಪಂಪು ಹೊಡೆದು ಬದುಕಿ, ದ್ವೀಪದಲ್ಲಿ ತಿಂಗಳುಗಟ್ಟಲೆ ಕಾದು, ಬಿಡಿಸಲು ಬಂದ ಹಡಗಿನಲ್ಲೇ ಮುಳುಗಿದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅವರಪ್ಪನ ಪ್ರಶ್ನೆಗೆ: ರಮ್ ಹಾಳಾಗಲಿಲ್ಲ. ‘ಫ್ರಾನ್ಸಿಸ್’ ಮತ್ತೆ ಮತ್ತೆ ಹೋಗಿ ಉಳಿದ ಸರಕು ತಂದಿತು, ಸಿಡ್ನಿಯಲ್ಲಿ ಹರಾಜಾಯಿತು. ಬಿಯರ್ ಬಾಟಲಿ ಕೆಲವು ಮಾತ್ರ ಹಡಗಿನ ಜೊತೆ ಮರಳಿನಡಿಯಲ್ಲೇ ಉಳಿದವು. 1977ರಲ್ಲಿ ಡೈವರುಗಳು ಆ ಹಡಗನ್ನು ಪತ್ತೆ ಮಾಡಿದರು, ಆಮೇಲೆ ಪುರಾತತ್ವದವರು ವರ್ಷಗಟ್ಟಲೆ ಶೋಧಿಸಿ ತೆಗೆದದ್ದೆಲ್ಲ ಟಾಸ್ಮೇನಿಯಾದ ಲಾನ್ಸೆಸ್ಟನ್‌ನ ಕ್ವೀನ್ ವಿಕ್ಟೋರಿಯಾ ಮ್ಯೂಸಿಯಂನಲ್ಲಿದೆ. ಒಂದು ಬಾಟಲಿಯ ಒಳಗಿದ್ದ ಯೀಸ್ಟ್ ಇನ್ನೂ ಜೀವಂತವಾಗಿತ್ತು! ಅದನ್ನು ಬೆಳೆಸಿ 2018ರಲ್ಲಿ ಬಿಯರ್ ಮಾಡಿ ಮಾರಿದರು. ನಾನು ಕುಡಿಯೋದು ಬಿಟ್ಟಾಗಿತ್ತು, ಇಲ್ಲದಿದ್ದರೆ ಒಂದು ತರಿಸ್ತಿದ್ದೆ.

ವ್ಯಾಪಾರಿಗಳ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಈ ಗೊಂದಲ ನೋಡಿಕೊಳ್ಳಲು 1798ರಲ್ಲಿ ಕಲ್ಕತ್ತದಿಂದ ಸಿಡ್ನಿಗೆ ಬಂದ ರಾಬರ್ಟ್ ಕ್ಯಾಂಪ್‌ಬೆಲ್ ಮುಂದೆ ಅಲ್ಲೇ ನೆಲೆನಿಂತು ಊರಿನ ದೊಡ್ಡ ವರ್ತಕನಾದ. ಓಪೆರಾ ಹೌಸಿನ ಎದುರು ದಡದ ಕ್ಯಾಂಪ್‌ಬೆಲ್ಸ್ ಕೋವ್ ಅವನದೇ. ಜಲಸಂಧಿಯೂ ಹೀಗೇ ಸಿಕ್ಕಿದ್ದು. ಅಲ್ಲಿನ ಸೆಳೆತ ನೋಡಿ ಇಲ್ಲಿ ಭೂಮಿ ಇಲ್ಲ, ಕಡಲೇ ಇರಬೇಕು ಅನ್ನುವ ಗುಮಾನಿ ಬಲವಾಯಿತು. ನೌಕಾಪಡೆಯ ವೈದ್ಯ ಜಾರ್ಜ್ ಬಾಸ್ 1797ರ ಕೊನೆಗೆ ಆರು ಜನರೊಡನೆ ಬರೀ ತೆರೆದ ದೋಣಿಯಲ್ಲಿ ಹೋಗಿ ನೋಡಿದ. ಮುಂದೆ ನೌಕಾಪಡೆಯ ಅಧಿಕಾರಿ ಫ್ಲಿಂಡರ್ಸ್ ಜೊತೆ ಸೇರಿ ಟಾಸ್ಮೇನಿಯಾವನ್ನು ಪೂರ್ತಿ ಸುತ್ತಿ ಬಂದ. ಆ ದ್ವೀಪಗಳಲ್ಲಿ ಸೀಲ್ ಪ್ರಾಣಿಗಳು ರಾಶಿ ರಾಶಿ ಇವೆ ಅನ್ನುವ ಸುದ್ದಿಯೂ ಜೊತೆಗೇ ಹರಡಿತು. ಬೇಟೆಗಾರರು ಬಂದರು. ಸೀಲ್ ಸಂತತಿ ನೆಲಕಚ್ಚಿತು, ಟಾಸ್ಮೇನಿಯಾದ ಮೂಲನಿವಾಸಿ ಹೆಂಗಸರನ್ನು ಹೊತ್ತೊಯ್ಯುವುದು ನಡೆಯಿತು. ಅದು ಬೇರೆಯೇ ದೊಡ್ಡ ಕಥೆ.

ಕಥೆ_ಕೇಳುಗ ಉತ್ತರ

ಖಲಾಸಿಗಳ ಬಗ್ಗೆ ಇನ್ನೇನಾದರೂ ಇದೆಯಾ ಸರ್? ಬೇರೆ ಹಡಗುಗಳಲ್ಲಿ?

ಶರಾವತಿ_ಅಳಿವೆ ಉತ್ತರ

‘ಕ್ವೆಟ್ಟಾ’ ನೋಡಿ. ಬ್ರಿಟಿಷ್ ಇಂಡಿಯಾ ಕಂಪನಿಯ ಆವಿ ಹಡಗು, ಕೆಲಸದವರಲ್ಲಿ ಬಹಳಷ್ಟು ಮಂದಿ ಭಾರತದವರು. 1890ರ ಫೆಬ್ರವರಿ 28ರ ರಾತ್ರಿ, ಟಾರೆಸ್ ಜಲಸಂಧಿ ಹತ್ತಿರ, ಬೆಳದಿಂಗಳು, ಕಡಲು ಶಾಂತ, ಹಡಗಿನಲ್ಲಿ ಪೈಲಟ್, ಅಂದರೆ ಆ ನೀರಿನ ದಾರಿ ಬಲ್ಲ ಮಾರ್ಗದರ್ಶಿ, ಇದ್ದ. ಆದರೂ ನಕ್ಷೆಯಲ್ಲಿ ಇಲ್ಲದ ಒಂದು ಬಂಡೆ ಹೊಟ್ಟೆ ಸೀಳಿತು. ಕೆಲವೇ ನಿಮಿಷದಲ್ಲಿ ಮುಳುಗಿತು, 292 ಜನರಲ್ಲಿ 134 ಹೋದರು. ಆ ದಾರಿಯಲ್ಲಿ ನಾನೂ ಹಾದಿದ್ದೇನೆ. ಪೈಲಟ್ ಹತ್ತಿದ ಮೇಲೆ ಅವರು ಇಳಿಯುವವರೆಗೆ ನಾವು ಕೆಳಗೆ ಎಂಜಿನ್ ಕಂಟ್ರೋಲಿನ ಮುಂದಿನಿಂದ ಕದಲುತ್ತಿರಲಿಲ್ಲ. ಥರ್ಸ್‌ಡೇ ಐಲ್ಯಾಂಡಿನಲ್ಲಿ ಸತ್ತವರ ನೆನಪಿಗೆ ಕಟ್ಟಿದ ಚರ್ಚಿದೆ.

ಸುಮಾ_ಸದರ್ಲೆಂಡ್ ಉತ್ತರ

ಸರ್, ಕೊನೆಯದೊಂದು. ವಾಟಮೊಲ್ಲಾ ಬಿಟ್ಟು ಆ ದಾರಿಯಲ್ಲಿ ಮಗನನ್ನು ಕರೆದುಕೊಂಡು ಹೋಗಿ ತೋರಿಸೋ ಜಾಗ ಹತ್ತಿರದಲ್ಲಿ ಬೇರೆ ಯಾವುದಾದರೂ ಇದೆಯಾ? ಶನಿವಾರ ಬಿಡುವಿದೆ.

ಶರಾವತಿ_ಅಳಿವೆ ಉತ್ತರ

ಕೋಲ್‌ಕ್ಲಿಫ್‌ಗೆ ಹೋಗಿ. ಟ್ರೈನೇ ಇದೆ, ಅಲ್ಲೇ ಸೀ ಕ್ಲಿಫ್ ಬ್ರಿಡ್ಜ್ ಕೂಡ ಇದೆ, ಕಡಲ ಮೇಲೆ ನಡೆದ ಹಾಗಾಗ್ತದೆ. ಕ್ಲಾರ್ಕಿನವರು ಆ ಬಂಡೆಗಳ ಕೆಳಗೆ ಕಲ್ಲಿದ್ದಲು ಕಂಡು ಅದರಲ್ಲೇ ಬೆಂಕಿ ಹಾಕಿಕೊಂಡಿದ್ದರು. ಅದೇ ಆಗಸ್ಟ್‌ನಲ್ಲಿ ಬಾಸ್ ಆ ಜಾಗ ಹುಡುಕಿಕೊಂಡು ಹೋದ. ಕಲ್ಲಿದ್ದಲ ಪದರವೂ ಸಿಕ್ಕಿತು, ಥಾಂಪ್ಸನ್ ಮತ್ತು ಬಡಗಿಯ ಎಲುಬುಗಳೂ ಸಿಕ್ಕವು. ಬಂಡೆಯ ಬುಡಕ್ಕೆ ಇಳಿಯುವುದಾದರೆ ಇಳಿತದ ಹೊತ್ತು ನೋಡಿಕೊಂಡೇ ಇಳಿಯಿರಿ, ಅಲೆ ಹೇಳದೆ ಬರ್ತದೆ. ಮಗನಿಗೆ ಗಟ್ಟಿ ಶೂ ಹಾಕಿಸಿ, ಚಪ್ಪಲಿ ಬೇಡ.